ಸೋರಿದ ರಕ್ತ ಮತ್ತೆ ಅದೇ ಮೈಗೆ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಇವತ್ತು ಒಂದು ಪ್ರಶ್ನೆ. ಆಪರೇಷನ್ ವೇಳೆ ಸೋರಿದ ರಕ್ತ ಎಲ್ಲಿಗೆ ಹೋಗ್ತದ? ಸಾಮಾನ್ಯವಾಗಿ ಸಕ್ಷನ್ ಬಾಟಲಿಗೆ, ಅಲ್ಲಿಂದ ಆಸ್ಪತ್ರೆಯ ತ್ಯಾಜ್ಯಕ್ಕೆ. ಅದೇ ಹೊತ್ತಿಗೆ ಹೊರಗ ಮನೆಮಂದಿ ‘ಬಿ ನೆಗೆಟಿವ್ ಯಾರರೆ ಇದ್ದೀರೇನ್ರಿ?’ ಅಂತ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕ್ತಿರ್ತಾರ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮಂದಿಗೆ ಈ ಓಡಾಟ ಗೊತ್ತಿರೋದೇ. ದೊಡ್ಡ ಆಸ್ಪತ್ರೆ, ರಕ್ತನಿಧಿ ಅಂದ್ರ ವಿಜಯಪುರ. ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ ಅಂದ್ರ ಅಷ್ಟು ಹೊತ್ತು ಎಲ್ಲಿ ಸಿಗ್ತದ?

ಇದಕ್ಕೊಂದು ದಾರಿ ‘ಸೆಲ್ ಸೇವರ್’. 1970ರ ದಶಕದಿಂದ ಬಳಕೆಯಲ್ಲಿರುವ ಯಂತ್ರ. ಸೋರಿದ ರಕ್ತವನ್ನು ಹೀರಿ, ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಸೋಸಿ, ಗರಗರ ತಿರುಗಿಸಿ, ಸಲೈನ್‌ನಲ್ಲಿ ತೊಳೆಯುತ್ತದೆ. ಉಳಿದ ಕೆಂಪು ಕಣಗಳನ್ನು ಅದೇ ರೋಗಿಗೆ ಡ್ರಿಪ್‌ನಲ್ಲಿ ವಾಪಸ್ ಕೊಡ್ತಾರ. ಗುಂಪು ಹೊಂದ್ತದೋ ಇಲ್ಲೋ ಅನ್ನೋ ಚಿಂತಿ ಇಲ್ಲ. 1952ರಲ್ಲಿ ಪತ್ತೆಯಾದ ‘ಬಾಂಬೆ ಗುಂಪಿ’ನ ರಕ್ತ ಇರೋರಿಗಂತೂ ಇದು ದೊಡ್ಡ ಆಸರೆ. ಅವರಿಗೆ ಓ ಗುಂಪಿನ ರಕ್ತವೂ ಆಗೋದಿಲ್ಲ.

ಆದ್ರ ಇದು ಎಲ್ಲಾದಕ್ಕೂ ಮದ್ದಲ್ಲ. ಪ್ಲಾಸ್ಮಾ, ಪ್ಲೇಟ್‌ಲೆಟ್ ತೊಳೆದು ಹೋಗ್ತಾವ. ಕರುಳು ಒಡೆದು ಹೊಲಸು ಬೆರೆತಿದ್ರ ಸಾಮಾನ್ಯವಾಗಿ ಬಳಸೋದಿಲ್ಲ. ಕ್ಯಾನ್ಸರ್ ಇದ್ರ ಡಾಕ್ಟರು ಎರಡು ಸಲ ಯೋಚಿಸ್ತಾರ. ಪ್ರತಿ ರೋಗಿಗೂ ಹೊಸ ಟ್ಯೂಬು, ಬೌಲಿನ ಸೆಟ್ ಬೇಕು, ನಡೆಸಲು ಪಳಗಿದ ಕೈ ಬೇಕು. ಅದಕ್ಕೇ ಹೃದಯ, ಬೆನ್ನುಮೂಳೆಯ ದೊಡ್ಡ ಆಪರೇಷನ್‌ಗಳಲ್ಲೇ ಇದರ ಬಳಕೆ ಹೆಚ್ಚು.

ಹಂಗಾದ್ರ ತಾಲ್ಲೂಕಿಗೆ ಏನು? ಗರ್ಭ ನಾಳದಲ್ಲೇ ಬೆಳೆದು ಒಡೆದಾಗ ಹೊಟ್ಟೆಯೊಳಗೆ ತುಂಬಿದ ರಕ್ತವನ್ನು ಬಟ್ಟೆಯಲ್ಲಿ ಸೋಸಿ ತಾಯಿಗೇ ಕೊಡುವ ಹಳೆಯ ಪದ್ಧತಿಯೊಂದು ಉಂಟು. ಅದೇ ಕೆಲಸಕ್ಕೆ ಕರೆಂಟ್ ಬೇಡದ, ಕೈಪಂಪಿನಂಥ ‘ಹೆಮಾಫ್ಯೂಸ್’ ಆಫ್ರಿಕಾದಲ್ಲಿ ಬಳಕೆಗೆ ಬಂದಿದೆ. ನನ್ನ ಕೇಳಿದ್ರ, ದುಬಾರಿ ಯಂತ್ರ ಜಿಲ್ಲಾ ಕೇಂದ್ರದಲ್ಲಿರಲಿ. ತಾಲ್ಲೂಕಿನಲ್ಲಿ ಹಗಲು ರಾತ್ರಿ ನಡೆಯುವ ರಕ್ತ ಸಂಗ್ರಹ ಘಟಕ ಇರಲಿ. ಇಂಥ ಸರಳ ಸಾಧನಗಳನ್ನೂ ನಮ್ಮ ಡಾಕ್ಟರು ಪರೀಕ್ಷಿಸಿ ನೋಡಲಿ.

ನೀವೇನು ಮಾಡಬಹುದು? ಮನ್ಯಾಗ ಯಾರಿಗಾದ್ರೂ ಆಪರೇಷನ್ ಗೊತ್ತಾಗಿದ್ರ ವಾರಗಳ ಮೊದಲೇ ಹಿಮೋಗ್ಲೋಬಿನ್ ನೋಡಿಸ್ರಿ, ಕಡಿಮಿ ಇದ್ರ ಸರಿಪಡಿಸ್ಕೊಳ್ರಿ. ‘ಸೆಲ್ ಸೇವರ್ ಆಗ್ತದೇನ್ರಿ?’ ಅಂತ ಡಾಕ್ಟರನ್ನ ಕೇಳ್ರಿ. ನಿಮಗ 18 ತುಂಬಿ ಆರೋಗ್ಯ ಚಲೋ ಇದ್ರ ರಕ್ತ ಕೊಡ್ರಿ. ಗಂಡಸರು 3 ತಿಂಗಳಿಗೊಮ್ಮೆ, ಹೆಣ್ಣುಮಕ್ಕಳು 4 ತಿಂಗಳಿಗೊಮ್ಮೆ ಕೊಡಬಹುದು. ಫ್ರಿಜ್‌ನಲ್ಲಿಟ್ಟರೂ ಕೆಂಪು ಕಣ ಬಾಳೋದು 35ರಿಂದ 42 ದಿನ ಅಷ್ಟೇ. ಹಂಗಾಗಿ ಮೆಸೇಜ್ ಬರೋತನಕ ಕಾಯಬ್ಯಾಡ್ರಿ.