‘ಇಲ್ಲ’ ಎನ್ನಲೂ ಪುರುಸೊತ್ತಿಲ್ಲ



‘ಮಹಿಳೆ ಮತ್ತು ಉದ್ಯೋಗ’ ಎಂಬ ವಿಷಯದ ಮೇಲೆ ಮಾತಾಡು ಎಂದು ಕಾರ್ಯದರ್ಶಿ ಅಕ್ಕ ಹೇಳಿದರು. ಅಷ್ಟು ದೊಡ್ಡ ವಿಷಯ ಬೇಡ, ಒಂದು ಸಂದರ್ಶನದ ಕತೆ ಹೇಳುತ್ತೇನೆ ಎಂದೆ. ನಿಮ್ಮಲ್ಲಿ ಕೆಲವರಿಗೆ ಇದು ತಮ್ಮದೇ ಕತೆ ಅನ್ನಿಸಬಹುದು.

ಎಂ.ಟೆಕ್. ಮುಗಿಸಿ ಇದೇ ಪುಣೆಯಲ್ಲಿ ಒಂಬತ್ತು ವರ್ಷ ಡೇಟಾ ಇಂಜಿನಿಯರ್ ಆಗಿ ದುಡಿದವಳು ನಾನು. ಎರಡನೇ ಮಗುವಿನ ನಂತರ ಎರಡು ವರ್ಷ ಮನೆಯಲ್ಲಿದ್ದೆ. ಮತ್ತೆ ಕೆಲಸ ಹುಡುಕಿದಾಗ ಹಿಂಜೆವಾಡಿಯ ಒಂದು ಕಂಪನಿಯಿಂದ ಕರೆ ಬಂತು. ಹೆಸರು ಬೇಡ.

ಮೊದಲು ತೊಂಬತ್ತು ನಿಮಿಷದ ಆನ್‌ಲೈನ್ ಪರೀಕ್ಷೆ, ಕ್ಯಾಮೆರಾದ ಎದುರು. ಪಕ್ಕದ ಕೋಣೆಯಲ್ಲಿ ಮಗು ಅತ್ತರೂ ತಲೆ ತಿರುಗಿಸುವಂತಿಲ್ಲ, ನಕಲು ಎಂದು ದಾಖಲಾದೀತು. ನಂತರ ಮೂರು ಟೆಕ್ನಿಕಲ್ ಸುತ್ತು, ಒಂದು ಮ್ಯಾನೇಜರ್ ಸುತ್ತು, ಕೊನೆಗೆ ಎಚ್‌ಆರ್. ಎರಡು ಸಲ ಸಂದರ್ಶಕರೇ ಬರಲಿಲ್ಲ. ಮಗುವನ್ನು ಅತ್ತೆಯವರ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ಖಾಲಿ ಪರದೆಯ ಮುಂದೆ ಕೂತಿದ್ದೆ.

ಎಚ್‌ಆರ್ ಅವರು ಕಳೆದ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳಿದರು. ಎರಡು ವರ್ಷ ಸಂಬಳವೇ ಇಲ್ಲದವಳು ಎಲ್ಲಿಂದ ತರಲಿ? ಆಮೇಲೆ ಆ ಪ್ರಶ್ನೆ ಬಂತು: "ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಅದೇ ವರ್ಷ ನಮ್ಮ ಮನೆಯವರೂ ಕೆಲಸ ಬದಲಿಸಿದರು. ಅದೇ ಮಗುವಿನ ತಂದೆ! ಅವರನ್ನು ಯಾರೂ ಇದನ್ನು ಕೇಳಲಿಲ್ಲ.

ಆಧಾರ್, ಪ್ಯಾನ್, ಫಾರಂ 16, ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಎಲ್ಲ ತರಿಸಿಕೊಂಡರು. "ಈ ವಾರವೇ ಆಫರ್ ಬರುತ್ತದೆ ಮೇಡಂ" ಎಂದರು. ಏಳು ವಾರ ಸುದ್ದಿಯಿಲ್ಲ. ಧಾರವಾಡದಿಂದ ಅವ್ವ ಫೋನ್ ಮಾಡಿದಾಗಲೆಲ್ಲ, "ಇಲ್ಲ ಅನ್ನಲಿಕ್ಕೆ ಅವರಿಗೆ ಎಷ್ಟ್ ದಿನಾ ಬೇಕು?" ಎನ್ನುತ್ತಿದ್ದಳು. ಕೊನೆಗೊಮ್ಮೆ ಫೋನ್ ಎತ್ತಿ, "ಪೊಸಿಷನ್ ಹೋಲ್ಡ್‌ನಲ್ಲಿದೆ" ಎಂದರು. ಮರುವಾರ ಅದೇ ಹುದ್ದೆಯ ಜಾಹೀರಾತು ಮತ್ತೆ ಬಂತು. ನನ್ನ ಅರ್ಜಿ ಮಾತ್ರ ಅವರ ಜಾಲತಾಣದಲ್ಲಿ ಇಂದಿಗೂ ‘ಪರಿಶೀಲನೆಯಲ್ಲಿದೆ’. ಕಾಗದಪತ್ರಗಳೂ ಅಲ್ಲೇ ಇವೆ.

ಸುಧಾ ಮೂರ್ತಿಯವರ ಪ್ರಸಂಗ ನಿಮಗೆಲ್ಲ ಗೊತ್ತು. 1974ರಲ್ಲಿ, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೊ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂದದ್ದು ನಮ್ಮ ಪುಣೆಗೇ. ಅಂದಿನ ಅನ್ಯಾಯ ಅಚ್ಚಾಗಿ ಕಣ್ಣೆದುರಿತ್ತು, ಬೆರಳಿಟ್ಟು ತೋರಿಸಬಹುದಿತ್ತು. ಇಂದಿನದು ಎಲ್ಲೂ ಬರೆದಿಲ್ಲ. ‘ನೋ ರಿಪ್ಲೈ’ ವಿಳಾಸಕ್ಕೆ ಯಾರು ಪೋಸ್ಟ್‌ಕಾರ್ಡ್ ಬರೆದಾರು?

ಕಾನೂನು ಇಲ್ಲವೇ? ಇದೆ. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಕೂಡದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಆ ಮಾತಿದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆದರೆ ಬಾಯಿಬಿಟ್ಟು ‘ಇಲ್ಲ’ ಎಂದರೆ ತಾನೇ ‘ಏಕೆ’ ಎಂದು ಕೇಳುವುದು?

ಕಾರಣವೇ ಇರುವುದಿಲ್ಲ ಎಂದೇನಲ್ಲ. ಹಿಂದಿನ ಕಂಪನಿಯಲ್ಲಿ ನಾನೂ ಸಂದರ್ಶನ ತೆಗೆದುಕೊಳ್ಳುತ್ತಿದ್ದೆ. ತಿರಸ್ಕರಿಸಿದ ಪ್ರತಿ ಹೆಸರಿನ ಮುಂದೆ ಕಾರಣ ತುಂಬದ ಹೊರತು ಅಲ್ಲಿಯ ಸಾಫ್ಟ್‌ವೇರ್ ಮುಂದಕ್ಕೆ ಬಿಡುತ್ತಿರಲಿಲ್ಲ. ಅಂದರೆ ಕಾರಣ ಕಂಪ್ಯೂಟರಿಗೆ ಗೊತ್ತು, ಅಭ್ಯರ್ಥಿಗೆ ಗೊತ್ತಿಲ್ಲ.

ಹಾಗಾಗಿ, ಕೆಲಸಕ್ಕೆ ಮರಳುವ ತಂಗಿಯರೇ, ಎಷ್ಟು ಸುತ್ತು, ಸಂಬಳದ ಮಿತಿ ಎಷ್ಟು, ಉತ್ತರ ಯಾವ ತಾರೀಖಿಗೆ ಎಂದು ಮೊದಲ ಕರೆಯಲ್ಲೇ ಕೇಳಿ. ಕೇಳಿದ್ದನ್ನು ಅಂದೇ ಮೇಲ್‌ನಲ್ಲಿ ಬರೆದು ಕಳಿಸಿ. ಮಗುವಿನ ಪ್ರಶ್ನೆ ಬಂದರೆ, "ಇದನ್ನು ಗಂಡಸರಿಗೂ ಕೇಳುತ್ತೀರಾ?" ಎಂದು ನಗುನಗುತ್ತಲೇ ಕೇಳಿ. ಆಫರ್ ಲೆಟರ್ ಕೈಗೆ ಬರುವವರೆಗೆ ಆಧಾರ್ ಪ್ರತಿ ಕೊಡುವ ಅವಸರ ಬೇಡ.

ಈಗ ಖರಾಡಿಯ ಒಂದು ಚಿಕ್ಕ ಕಂಪನಿಯಲ್ಲಿದ್ದೇನೆ. ನಾನು ಸಂದರ್ಶಿಸಿದವರಿಗೆ ಉತ್ತರ ನಾನೇ ಬರೆಯುತ್ತೇನೆಂದು ಸೇರಿದ ತಿಂಗಳೇ ಒಪ್ಪಿಸಿಕೊಂಡೆ. ಎರಡೇ ಸಾಲು, ಮೂರು ನಿಮಿಷವೂ ಹಿಡಿಯುವುದಿಲ್ಲ. ಎಸ್‌ಕ್ಯೂಎಲ್ ಸಾಲದು ಎಂದು ಬರೆದಿದ್ದ ಹುಡುಗಿಯೊಬ್ಬಳು ಆರು ತಿಂಗಳು ಕಲಿತು ಮತ್ತೆ ಅರ್ಜಿ ಹಾಕಿದ್ದಾಳೆ. ಸೋಮವಾರ ಅವಳ ಸಂದರ್ಶನ.