ಶುಗರ್ ಇದೆ ಅಂತ ನೀರು ಕಮ್ಮಿ ಮಾಡಬೇಡಿ

ಹಾಸನದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ನೀರು. ಗೊರೂರು ಡ್ಯಾಂ ನೀರಿನ ಬಗ್ಗೆ ನಾವು ವರ್ಷಪೂರ್ತಿ ಮಾತಾಡ್ತೀವಿ, ಎಷ್ಟು ಅಡಿ ತುಂಬಿದೆ, ನಾಲೆಗೆ ಯಾವಾಗ ಬಿಡ್ತಾರೆ ಅಂತ. ಇವತ್ತು ಅದಲ್ಲ. ಮನೆಯಲ್ಲಿ ಶುಗರ್ ಇರೋ ಅಪ್ಪ, ಅಮ್ಮ, ಅತ್ತೆ, ಮಾವ ದಿನಕ್ಕೆ ಎಷ್ಟು ಲೋಟ ನೀರು ಕುಡೀತಾರೆ ಅನ್ನೋದರ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ ಓದಿದ್ದು. ಈ ವಿಷಯ ತಿಳ್ಕೊಳ್ಳೋ ಹಾಗೆ ಮಾಡಿದ್ದು ನಮ್ಮ ದೊಡ್ಡಮ್ಮ.

ಹೋದ ವರ್ಷ ಬೇಸಿಗೆಯಲ್ಲಿ ಬೆಂಗಳೂರಲ್ಲಿ ನೆಂಟರ ಮದುವೆ ಇತ್ತು. ದೊಡ್ಡಮ್ಮ ಇರೋದು ಅರಕಲಗೂಡು ತಾಲೂಕಿನಲ್ಲಿ. ವಯಸ್ಸು ಅರವತ್ತು ದಾಟಿದೆ, ಶುಗರ್ ಬಂದು ಹತ್ತು ವರ್ಷ ಆಯ್ತು. ಹೊಳೆನರಸೀಪುರ, ಚನ್ನರಾಯಪಟ್ಟಣ ಮೇಲೆ ಬಸ್ಸು. ಹಿಂದಿನ ದಿನ ಸಂಜೆಯಿಂದಲೇ ಅವರು ನೀರು ಬಿಟ್ಟಿದ್ರು. ಯಾಕೆ ಅಂತ ಕೇಳಿದ್ರೆ, ‘ಬಸ್ಸಲ್ಲಿ ಒಂದಕ್ಕೆ ಬಂದ್ರೆ ಏನ್ ಮಾಡ್ಲಿ ಮಗ, ಡ್ರೈವರ್‌ಗೆ ನಿಲ್ಸಪ್ಪ ಅಂತ ಕೇಳೋಕಾಗುತ್ತಾ?’ ಅಂದ್ರು. ಚನ್ನರಾಯಪಟ್ಟಣ ಬರೋ ಹೊತ್ತಿಗೆ ಗಂಟಲು ಒಣಗಿ ತಡೆಯೋಕಾಗಲಿಲ್ಲ. ಒಂದು ಮಾವಿನ ಜ್ಯೂಸ್ ಪ್ಯಾಕೆಟ್ ತಗೊಂಡ್ರು. ಮದುವೆ ಮನೆಯಲ್ಲಿ ಹೋಳಿಗೆ, ಪಾಯಸ. ವಾಪಸ್ ಬಂದ ಮೇಲೆ ಜ್ವರ, ಭೇದಿ. ‘ಸುಸ್ತಾಗಿದೆ’ ಅಂತ ಮನೆಯವರು ಎರಡು ದಿನ ಗ್ಲೂಕೋಸ್ ಪುಡಿ ಕಲಸಿ ಕುಡಿಸಿದ್ರು. ಮೂರನೇ ದಿನ ಬೆಳಗ್ಗೆ ದೊಡ್ಡಮ್ಮ ಸ್ವಂತ ಮಗನನ್ನ ‘ಯಾರಪ್ಪ ನೀನು’ ಅಂತ ಕೇಳಿದ್ರು.

ಹಾಸನಕ್ಕೆ ಕರ್ಕೊಂಡು ಬಂದ್ವಿ. ಬೆರಳು ಚುಚ್ಚಿ ನೋಡಿದ್ರೆ ಮಷೀನ್‌ನಲ್ಲಿ ಸಂಖ್ಯೆಯೇ ಬರಲಿಲ್ಲ, ‘ಹೈ’ ಅಂತ ಬಂತು. ಅಂದ್ರೆ ಆ ಮಷೀನ್ ಅಳೆಯೋ ಮಿತಿಯನ್ನೇ ದಾಟಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಏನು ತಿಂದ್ರು’ ಅಂತ ಅಲ್ಲ. ‘ಎಷ್ಟು ದಿನದಿಂದ ಸರಿಯಾಗಿ ನೀರು ಕುಡಿದಿಲ್ಲ?’ ಅಂತ. ಬಾಟಲಿ ಮೇಲೆ ಬಾಟಲಿ ಸಲೈನ್, ಇನ್ಸುಲಿನ್, ಐದು ದಿನ ಆಸ್ಪತ್ರೆ. ಪುಣ್ಯಕ್ಕೆ ಮನೆಗೆ ಬಂದ್ರು.

ಏನಾಗಿತ್ತು ಅಂತ ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ನಮ್ಮ ಕಿಡ್ನಿ ರಕ್ತ ಸೋಸುವಾಗ ಸಕ್ಕರೆಯನ್ನ ಹೊರಗೆ ಬಿಡೋದಿಲ್ಲ, ವಾಪಸ್ ಎಳ್ಕೊಳ್ಳುತ್ತೆ. ಆದ್ರೆ ಅದಕ್ಕೂ ಒಂದು ಮಿತಿ ಇದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿತು ಅಂದ್ರೆ ಉಳಿದಿದ್ದು ಮೂತ್ರಕ್ಕೆ ಹೋಗೋಕೆ ಶುರುವಾಗುತ್ತೆ. ಸಕ್ಕರೆ ಒಂದೇ ಹೋಗಲ್ಲ, ಜೊತೆಗೆ ನೀರನ್ನೂ ಎಳ್ಕೊಂಡು ಹೋಗುತ್ತೆ. ಅದಕ್ಕೇ ಶುಗರ್ ಜಾಸ್ತಿ ಆದಾಗ ಪದೇ ಪದೇ ಒಂದಕ್ಕೆ ಹೋಗೋದು, ಅದಕ್ಕೇ ಬಾಯಿ ಒಣಗೋದು. ನಮ್ಮ ಮನೆಗಳಲ್ಲಿ ಇದನ್ನ ತಲೆಕೆಳಗಾಗಿ ಅರ್ಥ ಮಾಡ್ಕೊಂಡಿದ್ದೀವಿ. ‘ನೀರು ಜಾಸ್ತಿ ಕುಡಿಯೋದಕ್ಕೇ ಒಂದಕ್ಕೆ ಹೋಗ್ತಾ ಇರೋದು, ನೀರು ಕಮ್ಮಿ ಮಾಡಿದ್ರೆ ಸರಿಹೋಗುತ್ತೆ’ ಅಂತ. ನೀರು ಕಮ್ಮಿ ಮಾಡಿದ್ರೂ ಸಕ್ಕರೆ ತನ್ನ ಪಾಡಿಗೆ ನೀರನ್ನ ಹೊರಗೆ ಹಾಕ್ತಾನೇ ಇರುತ್ತೆ. ಜಮಾ ನಿಲ್ಲಿಸಿದ್ರಿ, ಖರ್ಚು ನಿಂತಿಲ್ಲ. ರಕ್ತದಲ್ಲಿ ನೀರು ಕಮ್ಮಿ ಆದಷ್ಟೂ ಸಕ್ಕರೆ ಗಟ್ಟಿಯಾಗುತ್ತೆ, ರೀಡಿಂಗ್ ಇನ್ನೂ ಮೇಲೆ ಹೋಗುತ್ತೆ. ಇದರ ಮೇಲೆ ದಾಹಕ್ಕೆ ಅಂತ ಜ್ಯೂಸ್ ಕುಡಿದ್ರೆ ಕೇಳೋದೇ ಬೇಡ.

ಇನ್ನೊಂದು ವಿಷಯ. ‘ಮೂತ್ರ ತಿಳಿಯಾಗಿದ್ರೆ ಮೈಯಲ್ಲಿ ನೀರು ಸಾಕಷ್ಟಿದೆ’ ಅಂತ ಎಲ್ಲಾ ಕಡೆ ಹೇಳ್ತಾರೆ. ಶುಗರ್ ಹತೋಟಿಯಲ್ಲಿ ಇದ್ರೆ ಸರಿ. ಶುಗರ್ 300 ಇರೋವಾಗ ಮೂತ್ರ ತಿಳಿಯಾಗೇ, ಧಾರಾಳವಾಗೇ ಬರುತ್ತೆ, ಒಳಗೆ ಮಾತ್ರ ಮೈ ಒಣಗ್ತಾ ಇರುತ್ತೆ. ವಯಸ್ಸಾದವರಿಗೆ ದಾಹವೂ ಸರಿಯಾಗಿ ಗೊತ್ತಾಗಲ್ಲ. ಹಾಗಾಗಿ ಎಂದಿಗಿಂತ ಜಾಸ್ತಿ ದಾಹ, ಜಾಸ್ತಿ ಮೂತ್ರ ಅಂತ ಅನ್ನಿಸಿದ್ರೆ ಒಂದು ಲೋಟ ನೀರು ಕುಡೀರಿ, ಆಮೇಲೆ ಶುಗರ್ ಚೆಕ್ ಮಾಡಿ. ಎರಡೂ ಮಾಡಿ.

ಐಸಿಎಂಆರ್‌ನ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯ್ತು. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಅದರ ಅಂದಾಜು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ಬಂದಾಗ ನಾವೆಲ್ಲಾ ಹೆದರಿ ಹಾರ್ಟ್ ಚೆಕ್ ಮಾಡಿಸೋಕೆ ಸಾಲು ನಿಂತ್ವಿ. ಒಳ್ಳೇದೇ. ಆದ್ರೆ ಶುಗರ್, ಬಿಪಿ, ನೀರು ಅನ್ನೋ ದಿನನಿತ್ಯದ ವಿಷಯಕ್ಕೆ ಯಾರೂ ಸಾಲು ನಿಲ್ಲಲ್ಲ. ಅದು ಮನೆಯಲ್ಲೇ ಆಗಬೇಕಾದ ಕೆಲಸ.

ಸರಿ, ಏನು ಕುಡೀಬೇಕು? ಮೊದಲನೇದು ಬರೀ ನೀರು. ಬಿಸಿನೀರೋ ತಣ್ಣೀರೋ, ನಿಮಗೆ ಯಾವುದು ಸೇರುತ್ತೋ ಅದು. ಜೀರಿಗೆ ಹಾಕಿ ಕುದಿಸಿದ ನೀರಾದ್ರೂ ಸರಿ. ಆಮೇಲೆ ನೀರು ಮಜ್ಜಿಗೆ. ಬಿಪಿ ಇದ್ರೆ ಉಪ್ಪು ಹಾಕಬೇಡಿ, ಇಂಗು, ಕರಿಬೇವು, ಶುಂಠಿ ಹಾಕ್ಕೊಳ್ಳಿ. ಕಾಫಿ, ಟೀನೂ ನೀರಿನ ಲೆಕ್ಕಕ್ಕೆ ಸೇರುತ್ತೆ, ಅದರಲ್ಲಿರೋ ಸಕ್ಕರೆ ಶುಗರ್ ಲೆಕ್ಕಕ್ಕೆ ಸೇರುತ್ತೆ. ಅರಕಲಗೂಡು ಕಡೆ ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ರಾತ್ರಿಯಿಡೀ ಬ್ಯಾರನ್ ಮುಂದೆ ಬೆಂಕಿ ನೋಡ್ಕೊಂಡು ಕೂತಿರ್ತಾರಲ್ಲ, ಅವರಿಗೆ ಈ ಮಾತು. ಆ ಶಾಖದಲ್ಲಿ ಬೆವರು ಸುರೀತಿರುತ್ತೆ. ನಿದ್ದೆ ತಡೆಯೋಕೆ ಅಂತ ಆರು ಲೋಟ ಸಕ್ಕರೆ ಟೀ ಕುಡಿದ್ರೆ, ಲೋಟಕ್ಕೆ ಎರಡು ಚಮಚ ಅಂದ್ರೂ ಹನ್ನೆರಡು ಚಮಚ ಸಕ್ಕರೆ. ಪಕ್ಕದಲ್ಲಿ ಒಂದು ದೊಡ್ಡ ಬಾಟಲಿ ನೀರು ಇಟ್ಕೊಳ್ಳಿ.

ಎಳನೀರು ಕುಡೀಬಹುದಾ ಅಂತ ಎಲ್ಲರೂ ಕೇಳ್ತಾರೆ. ಚನ್ನರಾಯಪಟ್ಟಣದಲ್ಲಿ ಹುಟ್ಟಿ ಬೆಳೆದವರಿಗೆ ಎಳನೀರು ಬೇಡ ಅನ್ನೋಕಾಗುತ್ತಾ? ಶುಗರ್ ಹತೋಟಿಯಲ್ಲಿದ್ರೆ ಒಮ್ಮೊಮ್ಮೆ ಒಂದು ಕುಡೀಬಹುದು, ಆದ್ರೆ ಅದರಲ್ಲೂ ಸಕ್ಕರೆ ಇದೆ ಅನ್ನೋದು ನೆನಪಿರಲಿ. ಅದನ್ನೇ ನೀರಿನ ಬದಲು ದಿನಾ ಎರಡು ಮೂರು ಕುಡಿಯೋದು ಬೇಡ. ಕಿಡ್ನಿ ತೊಂದರೆ ಇದ್ರೆ ಡಾಕ್ಟರನ್ನ ಕೇಳದೆ ಮುಟ್ಟಲೇಬೇಡಿ, ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಬ್ಬಿನ ಹಾಲು, ಬಣ್ಣದ ಸೋಡಾ, ಪ್ಯಾಕೆಟ್ ಜ್ಯೂಸ್ ದಾಹಕ್ಕೆ ಅಲ್ಲ. 250 ಮಿಲಿ ಕೂಲ್ ಡ್ರಿಂಕ್ಸ್‌ನಲ್ಲಿ ಸುಮಾರು 25 ಗ್ರಾಂ ಸಕ್ಕರೆ, ಅಂದ್ರೆ ಐದಾರು ಚಮಚ. ಆದ್ರೆ ಒಂದು ಎಚ್ಚರಿಕೆ. ಶುಗರ್ 70ಕ್ಕಿಂತ ಕೆಳಗೆ ಇಳಿದು ಕೈ ನಡುಗಿ ಬೆವರು ಬಂದಾಗ ಈ ಮಾತು ಅನ್ವಯಿಸಲ್ಲ. ಆಗ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀಬೇಕು.

ಎಷ್ಟು ಕುಡೀಬೇಕು? ಸಾಮಾನ್ಯ ಲೆಕ್ಕ ದಿನಕ್ಕೆ ಸುಮಾರು ಎಂಟು ಲೋಟ, ಎರಡು ಲೀಟರ್. ಬಿಸಿಲಲ್ಲಿ ಹೊಲದ ಕೆಲಸ ಮಾಡಿದ್ರೆ ಇನ್ನೂ ಜಾಸ್ತಿ. ಹಾರ್ಟ್ ಫೇಲ್ಯೂರ್ ಅಥವಾ ಕಿಡ್ನಿ ಕಾಯಿಲೆಗೆ ಡಾಕ್ಟರ್ ‘ಇಷ್ಟೇ ನೀರು’ ಅಂತ ಹೇಳಿದ್ರೆ ಅದೇ ನಿಮ್ಮ ಲೆಕ್ಕ, ನನ್ನ ಮಾತು ಬಿಟ್ಟುಬಿಡಿ. ಒಂದೇ ಸಲ ಗಟಗಟ ಕುಡಿಯೋದು ಬೇಡ. ಬೆಳಗ್ಗೆ ಎದ್ದ ತಕ್ಷಣ, ಊಟ ತಿಂಡಿ ಜೊತೆ, ಮಧ್ಯೆ ಮಧ್ಯೆ. ರಾತ್ರಿ ಪದೇ ಪದೇ ಏಳೋ ತೊಂದರೆ ಇದ್ರೆ ಹೆಚ್ಚಿನ ನೀರನ್ನ ಸಂಜೆ ಆರು ಏಳು ಗಂಟೆ ಒಳಗೆ ಮುಗಿಸಿ. ಬಾಯಾರಿದ್ರೆ ರಾತ್ರಿನೂ ಒಂದೆರಡು ಗುಟುಕು ಕುಡೀಲೇಬೇಕು.

ಜ್ವರ, ವಾಂತಿ, ಭೇದಿ ಬಂದ ದಿನಗಳೇ ಅಪಾಯದ ದಿನಗಳು. ದೊಡ್ಡಮ್ಮನ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲೇ. ಅವತ್ತು ಶುಗರ್ ದಿನಕ್ಕೆ ಮೂರ್ನಾಲ್ಕು ಸಲ ನೋಡಬೇಕು. ಸ್ವಲ್ಪ ಸ್ವಲ್ಪ ನೀರು ಕುಡಿಸ್ತಾ ಇರಬೇಕು. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಥವಾ ಬಿಪಿಗೆ ಅಂತ ಮೂತ್ರ ಹೆಚ್ಚು ಮಾಡೋ ಮಾತ್ರೆ ತಗೊಳ್ತಾ ಇದ್ರೆ, ಅವತ್ತು ತಗೊಳ್ಳೋದಾ ಬಿಡೋದಾ ಅಂತ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ. ‘ಫ್ಲೋಜಿನ್’ ಅಂತ ಮುಗಿಯೋ ಮಾತ್ರೆಗಳು ಸಕ್ಕರೆಯನ್ನ ಮೂತ್ರದಲ್ಲಿ ಕಳಿಸೋದರಿಂದಲೇ ಕೆಲಸ ಮಾಡೋದು, ನೀರೂ ಜೊತೆಗೆ ಹೋಗುತ್ತೆ. ಇನ್ಸುಲಿನ್ ಮಾತ್ರ ನೀವಾಗೇ ನಿಲ್ಲಿಸಬೇಡಿ.

ಭೇದಿಗೆ ಓಆರ್‌ಎಸ್ ಕೊಡಬಹುದು, ಶುಗರ್ ಇದೆ ಅಂತ ಹೆದರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್‌ನಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್ ಅಷ್ಟೇ. ಅದರ ಹೆಸರಲ್ಲಿ ಅಂಗಡಿಗಳಲ್ಲಿ ಸಿಹಿ ಪಾನೀಯದ ಡಬ್ಬಿಗಳು ಬರ್ತಿದ್ವು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯೋ ಹಾಗಿಲ್ಲ ಅಂತ ಆದೇಶ ಮಾಡ್ತು. ಮೆಡಿಕಲ್ ಶಾಪ್‌ನಲ್ಲಿ ‘ಡಬ್ಲ್ಯುಎಚ್‌ಓ ಫಾರ್ಮುಲಾ ಪುಡಿ ಕೊಡಿ’ ಅಂತ ಕೇಳಿ ತಗೊಳ್ಳಿ.

ಯಾವಾಗ ಆಸ್ಪತ್ರೆಗೆ ಓಡಬೇಕು? ಕುಡಿದ ನೀರು ವಾಂತಿಯಲ್ಲಿ ಬರ್ತಾ ಇದ್ರೆ. ಶುಗರ್ 300ರಿಂದ ಕೆಳಗೆ ಇಳೀತಿಲ್ಲ ಅಂದ್ರೆ. ಮಂಪರು, ಮಾತು ತಡವರಿಸೋದು, ಜೋರು ಉಸಿರಾಟ, ಗುರುತು ಸಿಗದೇ ಇರೋದು, ಇವುಗಳಲ್ಲಿ ಒಂದು ಕಂಡ್ರೂ 108ಕ್ಕೆ ಫೋನ್ ಮಾಡಿ. ‘ವಯಸ್ಸಾಯ್ತು, ಸುಸ್ತು’ ಅಂತ ಮಲಗಿಸಬೇಡಿ.

ಕೊನೆಯದಾಗಿ ಬಸ್ಸಿನ ವಿಷಯ. ದೊಡ್ಡಮ್ಮನಿಗೆ ‘ನೀರು ಕುಡೀರಿ’ ಅಂತ ಹೇಳೋದು ಸುಲಭ. ಆದ್ರೆ ಅವರ ಹೆದರಿಕೆ ಸುಳ್ಳಲ್ಲ. ಹೆಂಗಸರು ಧೈರ್ಯವಾಗಿ ಹೋಗಿ ಬರೋ ಹಾಗೆ ಶೌಚಾಲಯ ಇಲ್ಲದ ದಾರಿಯಲ್ಲಿ, ನೀರು ಬಿಡೋದೇ ಅವರಿಗೆ ಕಂಡ ಉಪಾಯ. ನಮ್ಮ ತಾಲೂಕುಗಳ ಬಸ್ ನಿಲ್ದಾಣಗಳಲ್ಲಿ ನೀರು, ಬೆಳಕು, ಚಿಲಕ ಇರೋ ಶೌಚಾಲಯ ಬೇಕು ಅಂತ ನಾವು ಕೇಳ್ತಾನೇ ಇರಬೇಕು. ಅಲ್ಲಿವರೆಗೂ ಮನೆಯವರು ಮಾಡಬಹುದಾದ್ದು ಇದೆ. ಬಸ್ ನಿಂತ ಕಡೆ ಜೊತೆಗೆ ಇಳೀರಿ. ಕಂಡಕ್ಟರ್‌ಗೆ ‘ಅಮ್ಮಂಗೆ ಶುಗರ್ ಇದೆ, ಐದು ನಿಮಿಷ ಕೊಡಿ ಅಣ್ಣ’ ಅಂತ ನೀವೇ ಕೇಳಿ, ಅವರ ಕೈಲಿ ಕೇಳಿಸಬೇಡಿ. ಹೊರಡೋ ಮುಂಚೆ ಒಂದು ಲೋಟ, ದಾರಿಯಲ್ಲಿ ಗುಟುಕು ಗುಟುಕು.

ಈ ವರ್ಷ ದೊಡ್ಡಮ್ಮ ಮತ್ತೆ ಬೆಂಗಳೂರಿಗೆ ಹೋಗಿ ಬಂದ್ರು. ಈ ಸಲ ನಾನೇ ಜೊತೆಗಿದ್ದೆ. ಚನ್ನರಾಯಪಟ್ಟಣದಲ್ಲಿ ಇಳಿದ್ವಿ, ಅವರು ಒಳಗೆ ಹೋಗಿ ಬರೋವರೆಗೂ ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ. ವಾಪಸ್ ಬಂದವರು ನನ್ನ ಬಾಟಲಿ ಕಿತ್ಕೊಂಡು ಅರ್ಧ ಖಾಲಿ ಮಾಡಿದ್ರು. ‘ನೀನೂ ಕುಡಿ’ ಅಂದ್ರು.

ಇವತ್ತಿಗೆ ಇಷ್ಟು. ಈ ಸಂಚಿಕೆ ಕೇಳಿ ಮುಗಿದ ಮೇಲೆ ಊರಿಗೆ ಒಂದು ಫೋನ್ ಮಾಡಿ, ‘ನೀರು ಕುಡಿದ್ಯಾ’ ಅಂತ ಕೇಳಿ. ಮುಂದಿನ ವಾರ ಸಿಗೋಣ.