ಲಾರಿಯ ಹೊಗೆ, ಮಾಲೀಕನ ಹೊಣೆ



ಸೋಮನಾಥಪುರದ ಕೇಶವ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, 1258ರ ಸುಮಾರಿಗೆ, ಸೋಮನಾಥ ದಂಡನಾಯಕ ಕಟ್ಟಿಸಿದ ಗುಡಿ ಅದು. ಒಳಗೆ ಕಾಲಿಡುವ ಬಾಗಿಲಿನಲ್ಲೇ ಎತ್ತರವಾದ ಶಾಸನದ ಕಲ್ಲು ನಿಂತಿದೆ. ದೇವಾಲಯಕ್ಕೆ ಬಿಟ್ಟ ದತ್ತಿಗಳ ವಿವರವನ್ನು ಅದರಲ್ಲಿ ಕೊರೆದಿದ್ದಾರೆ. ನಮ್ಮ ಭಾಷೆಯಲ್ಲಿ ಕಲ್ಲಿನ ಬರಹಕ್ಕೂ ಶಾಸನ ಎನ್ನುತ್ತೇವೆ, ಸರ್ಕಾರದ ಕಾನೂನಿಗೂ ಶಾಸನ ಎನ್ನುತ್ತೇವೆ. ಎರಡರ ಗುಣವೂ ಒಂದೇ. ಬರೆದಿಟ್ಟದ್ದನ್ನು ತನ್ನ ಅನುಕೂಲಕ್ಕೆ ಯಾರೂ ತಿದ್ದಬಾರದು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಆ ಊರಿಗೆ ಹೋಗಿದ್ದಾಗ, ಬನ್ನೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ರಸ್ತೆಯ ಬದಿಯ ಟೀ ಅಂಗಡಿಯಲ್ಲಿ ಲಾರಿ ಮಾಲೀಕರೊಬ್ಬರ ಪರಿಚಯವಾಯಿತು. ನಂಜನಗೂಡಿನ ಕಡೆಯವರು. ಸಾಲ ಮಾಡಿ ಕೊಂಡ ಒಂದೇ ಲಾರಿ. ಮಾಲೀಕರೂ ಅವರೇ, ಡ್ರೈವರೂ ಅವರೇ. ನಾನು ವಿಜ್ಞಾನ ಓದಿದವನೆಂದು ತಿಳಿದ ಮೇಲೆ ತಮ್ಮ ಕಷ್ಟ ಹೇಳಿಕೊಂಡರು.

"ಯೂರಿಯಾ ನೀರು ಹಾಕಿ ಹಾಕಿ ಸಾಕಾಯ್ತು ಸಾರ್. ಬೋರ್ಡಲ್ಲಿ ಲೈಟ್ ಬಂತು ಅಂದ್ರೆ ಗಾಡಿ ಎಳೆಯೋದೇ ಇಲ್ಲ. ಒಂದು ಸಣ್ಣ ಡಬ್ಬಿ ಹಾಕ್ಕೊಡ್ತೀನಿ, ಎಲ್ಲಾ ಸರಿಹೋಗುತ್ತೆ ಅಂತಾನೆ ನಮ್ಮ ಮೆಕ್ಯಾನಿಕ್. ಹಾಕಿಸ್ಲಾ?"

ಬೇಡಿ, ಅದು ಅಪರಾಧ ಎಂದೆ. ಅವರು ನಕ್ಕು, "ಹೊಗೆ ಟೆಸ್ಟ್ ಪಾಸಾದ್ರೆ ಯಾರು ಕೇಳ್ತಾರೆ ಸಾರ್?" ಎಂದರು. ಆ ಪ್ರಶ್ನೆಗೆ ಅಂದು ಟೀ ಅಂಗಡಿಯಲ್ಲಿ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ.

ಮೊದಲಿಗೆ, ಈ ಸಾಧನಗಳು ಏನು ಮಾಡುತ್ತವೆ ಎಂಬುದನ್ನು ನೋಡೋಣ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇದರಿಂದ ಎರಡು ಕೆಡುಕು ಹುಟ್ಟುತ್ತವೆ. ಪೂರ್ತಿ ಉರಿಯದ ಡೀಸೆಲ್ ಮಸಿಯಾಗುತ್ತದೆ. ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕ ಆ ಕಾವಿಗೆ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಮಸಿ ಕಣ್ಣಿಗೆ ಕಾಣುತ್ತದೆ. ಈ ಅನಿಲಗಳು ಸಾಮಾನ್ಯವಾಗಿ ಕಾಣುವುದಿಲ್ಲ, ಆದರೆ ಶ್ವಾಸನಾಳವನ್ನು ಕೆರಳಿಸುತ್ತವೆ.

ಮಸಿಯನ್ನು ಹಿಡಿಯಲು ಸೈಲೆನ್ಸರ್ ಕೊಳವೆಯಲ್ಲಿ ಜೇನುಗೂಡಿನಂತಹ ಪಿಂಗಾಣಿಯ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟು ಫಿಲ್ಟರನ್ನು ಶುಚಿಗೊಳಿಸುವ ಏರ್ಪಾಡು ಲಾರಿಯಲ್ಲೇ ಇದೆ. ಅನಿಲಕ್ಕೆ ಮದ್ದು ಯೂರಿಯಾ ದ್ರಾವಣ. ಶೇಕಡಾ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಲವಣಗಳನ್ನು ತೆಗೆದ ನೀರು. ಅದನ್ನು ಬಿಸಿ ಹೊಗೆಯೊಳಗೆ ಸಿಂಪಡಿಸಿದಾಗ ಅಮೋನಿಯ ಹುಟ್ಟುತ್ತದೆ. ಮುಂದಿನ ಪೆಟ್ಟಿಗೆಯಲ್ಲಿರುವ ವೇಗವರ್ಧಕದ ನೆರವಿನಿಂದ ಅಮೋನಿಯವು ಆಕ್ಸೈಡುಗಳನ್ನು ಸಾರಜನಕ ಮತ್ತು ನೀರಾವಿಯನ್ನಾಗಿ ಮಾಡುತ್ತದೆ.

ಭಾರತ್ ಸ್ಟೇಜ್ 4ರ ಭಾರಿ ಲಾರಿ ಎಂಜಿನ್ ಪ್ರಯೋಗಾಲಯದ ಪರೀಕ್ಷೆಯಲ್ಲಿ ಒಂದು ಕಿಲೋವ್ಯಾಟ್ ಗಂಟೆ ಶಕ್ತಿಗೆ 3.5 ಗ್ರಾಂವರೆಗೆ ಈ ಆಕ್ಸೈಡುಗಳನ್ನು ಬಿಡಬಹುದಿತ್ತು. ಭಾರತ್ ಸ್ಟೇಜ್ 6ರಲ್ಲಿ ಆ ಮಿತಿ 0.4 ಗ್ರಾಂಗೆ ಇಳಿಯಿತು. ಎಂ. ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 24ರಂದು ಒಂದು ಆದೇಶ ಕೊಟ್ಟಿತು. 2020ರ ಏಪ್ರಿಲ್ 1ರಿಂದ ಸ್ಟೇಜ್ 4ರ ಹೊಸ ವಾಹನಗಳನ್ನು ದೇಶದಲ್ಲೆಲ್ಲೂ ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದಿತು. ನಮ್ಮ ರಸ್ತೆಗಳಿಗೆ ಸ್ಟೇಜ್ 6ರ ಲಾರಿಗಳು ಬಂದದ್ದು ಹೀಗೆ.

ಇನ್ನು ಮೆಕ್ಯಾನಿಕ್ ಹೇಳಿದ ಡಬ್ಬಿಯ ವಿಚಾರ. ಅದು ಲಾರಿಯ ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿ. ಯೂರಿಯಾ ಇಲ್ಲದಿದ್ದರೂ ಇದೆ, ಹೊಗೆ ಕೆಟ್ಟಿದ್ದರೂ ಸರಿಯಾಗಿದೆ ಎಂಬ ಸಂಕೇತವನ್ನು ಅದು ಕಳಿಸುತ್ತದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದಲ್ಲಿ ಸಿಕ್ಕಿಬಿದ್ದದ್ದೂ ಇಂತಹ ಸುಳ್ಳಿಗೇ. ಅಲ್ಲಿ ಪರೀಕ್ಷೆಯ ಸಮಯದಲ್ಲಿ ಮಾತ್ರ ಶುದ್ಧವಾಗಿ ನಡೆಯುವ ಹಾಗೆ ಕಾರುಗಳ ಸಾಫ್ಟ್‌ವೇರನ್ನೇ ಕಂಪನಿ ಬರೆದಿತ್ತು. ಅಲ್ಲಿ ಸುಳ್ಳು ಹೇಳಿದ್ದು ತಯಾರಕ, ಆದ್ದರಿಂದ ಸಿಕ್ಕಿಬಿದ್ದದ್ದೂ ತಯಾರಕ. ಇಲ್ಲಿ ಸಿಕ್ಕಿಬೀಳುವವರು ಯಾರು?

1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಸೆಕ್ಷನ್ ಮಾಲೀಕರನ್ನು ಉದ್ದೇಶಿಸಿಯೇ ಬರೆದದ್ದು. ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಬದಲಿಸಬಾರದು ಎಂದು ಅದು ಹೇಳುತ್ತದೆ. ನಿಮ್ಮ ಆರ್.ಸಿ. ಕಾರ್ಡನ್ನು ತೆಗೆದು ನೋಡಿ. ಹೊಸ ಲಾರಿಯಾದರೆ ಅದರಲ್ಲಿ ಭಾರತ್ ಸ್ಟೇಜ್ 6 ಎಂದು ಮುದ್ರಿಸಿರುತ್ತದೆ. ಫಿಲ್ಟರ್ ಕಿತ್ತ ಲಾರಿ ಆ ಕಾರ್ಡಿನಲ್ಲಿರುವ ಲಾರಿಯಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ರಾಜ್ಯದ ನಿಯಮ ಏನೇ ಇರಲಿ, ತಯಾರಕರು ಗೊತ್ತುಪಡಿಸಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದಿತು.

ಅದೇ ವರ್ಷದ ತಿದ್ದುಪಡಿ ಕಾಯ್ದೆಯು 182ಎ ಎಂಬ ಸೆಕ್ಷನ್ನನ್ನು ಸೇರಿಸಿತು. ಅನುಮತಿಯಿಲ್ಲದೆ ವಾಹನವನ್ನು ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಅದರಲ್ಲಿದೆ. 'ಪ್ರತಿಯೊಂದು ಬದಲಾವಣೆಗೂ' ಎಂಬ ಮಾತನ್ನು ಗಮನಿಸಿ. ಫಿಲ್ಟರ್ ಕಿತ್ತದ್ದು ಒಂದು, ಡಬ್ಬಿ ಹಾಕಿಸಿದ್ದು ಇನ್ನೊಂದು ಎಂದು ಎಣಿಸಬಹುದು.

ಇನ್ನೊಂದು ಸೆಕ್ಷನ್ 190. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಓಡಿಸಿದವನಿಗೂ, ಓಡಿಸಲು ಬಿಟ್ಟವನಿಗೂ ಇದು ಅನ್ವಯಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೊಂದುವ ಅರ್ಹತೆಯೂ ಇಲ್ಲ. ಒಂದೇ ಲಾರಿಯನ್ನು ತಾನೇ ಓಡಿಸಿ ಬದುಕುವವನಿಗೆ ದಂಡಕ್ಕಿಂತ ಈ ಮೂರು ತಿಂಗಳೇ ಭಾರ. ಸಾಲದ ಕಂತು ಮೂರು ತಿಂಗಳು ಕಾಯುವುದಿಲ್ಲ.

ಈಗ ಆ ಮಾಲೀಕರ ಪ್ರಶ್ನೆಗೆ ಬರೋಣ. ಹೊಗೆ ಪರೀಕ್ಷೆ ಪಾಸಾದರೆ ಯಾರು ಕೇಳುತ್ತಾರೆ? ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಮಿಷನ್ ಕೇಂದ್ರದಲ್ಲಿ ಡೀಸೆಲ್ ವಾಹನದ ಆಕ್ಸಲರೇಟರ್ ಒತ್ತಿಸಿ ಹೊಗೆ ಎಷ್ಟು ದಟ್ಟವಾಗಿದೆ ಎಂದಷ್ಟೇ ಅಳೆಯುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ಆ ಯಂತ್ರ ಅಳೆಯುವುದಿಲ್ಲ. ಆದ್ದರಿಂದ ಯೂರಿಯಾ ನಿಲ್ಲಿಸಿದ ಲಾರಿಯೂ ಅಲ್ಲಿ ಪಾಸಾಗಬಹುದು. ಆದರೆ ಆ ಚೀಟಿ ಹೇಳುವುದು ಆ ದಿನದ ಹೊಗೆಯ ವಿಚಾರ ಮಾತ್ರ. ಲಾರಿಯನ್ನು ಬದಲಿಸಿಲ್ಲ ಎಂದು ಅದು ಹೇಳುವುದಿಲ್ಲ. 52ನೆಯ ಸೆಕ್ಷನ್ನಿನ ಉಲ್ಲಂಘನೆಗೆ ಹೊಗೆ ಚೀಟಿ ಗುರಾಣಿಯಾಗುವುದಿಲ್ಲ.

ಕೇಳುವವರು ಬೇರೆ ಬೇರೆ ಬಾಗಿಲಲ್ಲಿ ನಿಂತಿರುತ್ತಾರೆ. ಬಾಡಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಅಲ್ಲಿ ಒಬ್ಬ ಜಾಣ ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರೆ ಸಾಕು. ವಾಹನ ಕಾಯ್ದೆಯ ಅಗತ್ಯಗಳಿಗೆ ತಕ್ಕಂತಿಲ್ಲ ಎಂದು ಕಂಡರೆ ನೋಂದಣಿಯನ್ನು ಅಮಾನತಿನಲ್ಲಿಡುವ ಅಧಿಕಾರ 53ನೆಯ ಸೆಕ್ಷನ್ನಿನಲ್ಲಿದೆ. ಎಂಜಿನ್ ಕೆಟ್ಟು ವಾರಂಟಿ ಕೇಳಲು ಹೋದಾಗ ಕಂಪನಿಯ ಎಂಜಿನಿಯರ್ ಮೊದಲು ಓದುವುದು ಲಾರಿಯ ಕಂಪ್ಯೂಟರಿನ ನೆನಪನ್ನು. ಅಪಘಾತವಾಗಿ ವಿಮೆ ಕೇಳಿದಾಗ, ತಿಳಿಸದೆ ಮಾಡಿದ ಬದಲಾವಣೆಯೇ ತಕರಾರಿಗೆ ದಾರಿಯಾಗಬಹುದು. ಅಷ್ಟೂ ಬಾಗಿಲಲ್ಲಿ ಉತ್ತರ ಹೇಳಬೇಕಾದವರು ಆರ್.ಸಿ.ಯಲ್ಲಿ ಹೆಸರಿರುವವರು. ಮೆಕ್ಯಾನಿಕ್‌ನ ಹೆಸರು ಅದರಲ್ಲಿಲ್ಲ.

ಹಾಗೆಂದು ಮಾಲೀಕರ ಕಷ್ಟ ಸುಳ್ಳಲ್ಲ. ಅದಕ್ಕೆ ಕಾನೂನಿನೊಳಗಿನ ದಾರಿಗಳಿವೆ. ಲೈಟ್ ಬಂದರೆ ಮೊದಲು ವೈರು, ಕನೆಕ್ಟರ್, ಸೆನ್ಸರುಗಳನ್ನು ಪರೀಕ್ಷಿಸಿ. ಬಹಳ ಸಲ ರೋಗ ಇರುವುದು ಅಲ್ಲೇ. ವಾರಂಟಿಯಿದ್ದರೆ ದೂರನ್ನು ಬರಹದಲ್ಲೇ ಕೊಟ್ಟು ರಸೀತಿ ಇಟ್ಟುಕೊಳ್ಳಿ. ಊರೊಳಗಿನ ಸಣ್ಣ ಓಡಾಟದಲ್ಲಿ ಫಿಲ್ಟರ್ ಶುಚಿಯಾಗುವಷ್ಟು ಬಿಸಿಯಾಗುವುದಿಲ್ಲ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ. ಹಳೆಯ ಲಾರಿ ಕೊಳ್ಳುವವರು ಫಿಲ್ಟರ್ ಇದೆಯೇ, ಯೂರಿಯಾ ನಿಜವಾಗಿ ಖರ್ಚಾಗುತ್ತಿದೆಯೇ ಎಂದು ನೋಡಿಕೊಂಡೇ ಹಣ ಕೊಡಿ. ಹಿಂದಿನವರು ಮಾಡಿದ ತಪ್ಪಿನ ತೊಂದರೆ ಲಾರಿಯ ಜೊತೆಗೇ ನಿಮ್ಮ ಮನೆಗೆ ಬರುತ್ತದೆ.

ರೈತರ ನಾಡಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಗದ್ದೆಗೆ ಹಾಕುವ ಯೂರಿಯಾವನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಟ್ಯಾಂಕಿಗೆ ಸುರಿಯಬೇಡಿ. ಆ ನೀರಿನ ಲವಣಗಳೂ ಗೊಬ್ಬರದ ಬೇವಿನ ಲೇಪವೂ ದುಬಾರಿ ವೇಗವರ್ಧಕವನ್ನು ಹಾಳುಮಾಡುತ್ತವೆ. ಸಹಾಯಧನದ ಗೊಬ್ಬರವನ್ನು ಬೇಸಾಯಕ್ಕಲ್ಲದೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಬೇರೆಯೇ ಅಪರಾಧ.

ಕೊನೆಯದಾಗಿ ಒಂದು ಮಾತು. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುವಂತಹದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ವರ್ಗೀಕರಿಸಿತು. ಆ ಹೊಗೆಯನ್ನು ದಿನವಿಡೀ ಕುಡಿಯುವವರಲ್ಲಿ ಮೊದಲಿಗರು ಡ್ರೈವರ್ ಮತ್ತು ಕ್ಲೀನರ್. ಲಾರಿ ಎದುರಿನಲ್ಲೇ ಸ್ಟಾರ್ಟ್ ಆಗುವಾಗ ಟೀ ಲೋಟ ಹಿಡಿದು ನಿಂತಿರುವ ಅಂಗಡಿಯ ಹುಡುಗ ಅವರ ನಂತರದವನು. ಯಾರು ಕೇಳುತ್ತಾರೆ ಎಂದರೆ, ಆ ಹುಡುಗ ಕೇಳಲಾರ. ಅವನ ಪರವಾಗಿ ಕೇಳುವುದಕ್ಕೆಂದೇ ಶಾಸನ ಇರುವುದು.